ಇಪ್ಪತ್ತೆರಡು ಸೂಜಿ ತೂತು

“ಓದೋದಕ್ಕೆ ದೀಪ ಇದೆಯಲ್ಲ ಮೇಡಂ, ಕಿಟಕಿಗೆ ಯಾಕೆ ಹಿಡೀತಿದ್ದೀರಿ?” ಎಂದು ಮನಸ್ಸಿನ ಪರೀಕ್ಷೆ ಮಾಡುವ ಡಾಕ್ಟರು ಕೇಳಿದರು.

ತನಿಖಾಧಿಕಾರಿ ಹಾಳೆಯನ್ನು ಇಳಿಸಲಿಲ್ಲ. ಸ್ಟೇಷನ್ನಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಭೂತಗನ್ನಡಿ ಎನ್ನುತ್ತಾರೆ. ಅದು ಅವಳ ಕಿವಿಗೂ ಬಿದ್ದಿದೆ, ಬಿದ್ದರೂ ಬೀಳದ ಹಾಗೆ ಇದ್ದಾಳೆ. ಕಾಗದವೆಂದರೆ ಓದಿ ಪಕ್ಕಕ್ಕಿಡುವ ವಸ್ತು ಎಂದು ಅವಳಿಗೆ ಯಾರೂ ಕಲಿಸಿಲ್ಲ. ತಿರುಗಿಸುತ್ತಾಳೆ, ಮೂಸುತ್ತಾಳೆ, ಬೆಳಕಿಗೆ ಹಿಡಿಯುತ್ತಾಳೆ. ಇವತ್ತು ಆ ಚಾಳಿ ಕೆಲಸಕ್ಕೆ ಬಂದಿತ್ತು.

“ಡಾಕ್ಟ್ರೇ, ಸ್ವಲ್ಪ ಇಲ್ಲಿ ಬನ್ನಿ. ಇದೇನು ಅಂತ ನೀವೇ ಹೇಳಿ.”

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಪಕ್ಕದಲ್ಲಿ ನಿಂತರು. ಹನ್ನೊಂದು ಗಂಟೆಯ ಬಿಸಿಲು ಹಾಳೆಯ ಹಿಂದಿನಿಂದ ಬರುತ್ತಿತ್ತು. ಅರವತ್ತು ಪ್ರಶ್ನೆಗಳು, ಪ್ರತಿಯೊಂದರ ಮುಂದೆ ‘ಹೌದು’, ‘ಇಲ್ಲ’ ಎಂದು ಎರಡು ಚೌಕ. ಕೆಲವು ‘ಹೌದು’ ಚೌಕಗಳ ನಟ್ಟನಡುವೆ ಬೆಳಕು ಸಾಸಿವೆಯಷ್ಟು ಚುಕ್ಕೆಯಾಗಿ ತೂರಿ ಬರುತ್ತಿತ್ತು.

“ತೂತು” ಎಂದರು ಡಾಕ್ಟರು.

“ಸೂಜಿ ತೂತು. ಎರಡು ಸಲ ಎಣಿಸಿದೆ. ಇಪ್ಪತ್ತೆರಡು.”

ಆ ಅಂಕಿ ಕೇಳಿದ್ದೇ ಡಾಕ್ಟರ ಮುಖದ ಬಣ್ಣ ಇಳಿಯಿತು.

ಮದ್ದಿನ ಮನೆಯ ಕಾವಲು ಮುಖ್ಯಸ್ಥ ತಲೆಯೊಡೆದು ಸತ್ತು ಇವತ್ತಿಗೆ ಆರು ದಿನ. ಕಲ್ಲುಗಣಿಯಲ್ಲಿ ಬಂಡೆ ಸಿಡಿಸುವ ಸಾಮಾನನ್ನೆಲ್ಲ ಕೂಡಿಡುವ, ಕಿಟಕಿಯಿಲ್ಲದ ಆ ಕಟ್ಟಡದ ಹಿಂದೆ, ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿನಲ್ಲಿ ಯಾರೋ ಹಾರೆಯಿಂದ ಹೊಡೆದಿದ್ದರು. ಬೇಲಿಯೊಳಗೆ ಆಗ ಇದ್ದವರು ಮೂವರು ಕಾವಲುಗಾರರು. ನೋಡಿದವರು ಯಾರೂ ಇಲ್ಲ. ಮೂವರಲ್ಲಿ ಗುಮ್ಮ ಎಂಬುವವನನ್ನೇ ಹಿಡಿದು ತಂದದ್ದಕ್ಕೆ ಕಾರಣ, ಡಾಕ್ಟರ ಈ ಹಾಳೆ.

ಗುಮ್ಮ ಎಂದು ಜೊತೆಯವರು ಇಟ್ಟ ಹೆಸರು. ಮಾತು ಕಡಿಮೆ, ನಗು ಇನ್ನೂ ಕಡಿಮೆ, ಗುಮ್ಮನಗುಸ್ಕ ಎನ್ನುವುದನ್ನೇ ಮೊಟಕು ಮಾಡಿದ್ದರು. ಬಂದೂಕು ಹಿಡಿಯುವ ಕಾವಲುಗಾರರಿಗೆ ಕಂಪನಿ ವರ್ಷಕ್ಕೊಮ್ಮೆ ಮನಸ್ಸಿನ ಪರೀಕ್ಷೆ ಮಾಡಿಸುತ್ತಿತ್ತು. ಯಾರ ಕೈಗೆ ಬಂದೂಕು ಕೊಡಬಹುದು, ಯಾರ ಕೈಗೆ ಕೊಟ್ಟರೆ ಅಪಾಯ ಎಂದು ತಿಳಿಯುವುದಕ್ಕೆ. ತಿಂಗಳ ಹಿಂದಿನ ಪರೀಕ್ಷೆಯಲ್ಲಿ ಗುಮ್ಮನ ಹೆಸರಿನ ಮುಂದೆ ‘ಅತಿ ಅಪಾಯ’ ಎಂದು ಬಂತು. ಬಂದೂಕು ಕಸಿದು, ಮದ್ದಿನ ಮನೆಯ ಬಾಗಿಲಿನಿಂದ ತೆಗೆದು, ಗೇಟಿನ ಹತ್ತಿರ ಕೋಲು ಕೊಟ್ಟು ನಿಲ್ಲಿಸಿದರು. ಮೂರು ವಾರಕ್ಕೆ ಕೊಲೆಯಾಯಿತು.

ಹೀಗಿರುವಾಗ ಮೇಲಿನವರಿಗೆ ಇನ್ನೇನು ಬೇಕು? ಮಧ್ಯಾಹ್ನ ಮೂರಕ್ಕೆ ಗುಮ್ಮನನ್ನು ಕೋರ್ಟಿಗೆ ಹಾಜರುಪಡಿಸಿ, ಈ ಹಾಳೆಯನ್ನು ಮೇಲಿಟ್ಟು, ಕೈ ತೊಳೆದುಕೊಳ್ಳಿ ಎಂದು ಅಪ್ಪಣೆಯಾಗಿತ್ತು.

“ನೀವು ಅಂಕ ಹಾಕುವಾಗ ಸೂಜಿ ಚುಚ್ತೀರಾ?” ಎಂದು ಅವಳು ಕೇಳಿದಳು.

“ಇಲ್ಲಪ್ಪ. ಸೂಜಿ ಯಾಕೆ?” ಡಾಕ್ಟರು ಡ್ರಾಯರಿನ ಬೀಗ ತೆಗೆದು ಒಂದು ದಪ್ಪ ರಟ್ಟನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಅಲ್ಲಲ್ಲಿ ದುಂಡಗೆ ಕತ್ತರಿಸಿದ ತೂತುಗಳಿದ್ದವು. “ಇದು ಎಣಿಕೆ ರಟ್ಟು. ಅರವತ್ತು ಪ್ರಶ್ನೆ ಕೇಳ್ತೀವಿ, ಆದರೆ ಲೆಕ್ಕಕ್ಕೆ ಬರೋದು ಇಪ್ಪತ್ತೆರಡೇ. ಉಳಿದದ್ದೆಲ್ಲ ಸುಮ್ಮನೆ ಮರೆಗೆ. ರಟ್ಟನ್ನ ಹಾಳೆ ಮೇಲಿಟ್ಟರೆ ಆ ಇಪ್ಪತ್ತೆರಡು ‘ಹೌದು’ ಚೌಕ ಮಾತ್ರ ಕಾಣತ್ತೆ. ಎಷ್ಟರಲ್ಲಿ ಗುರುತು ಬಿದ್ದಿದೆಯೋ ಅಷ್ಟು ಅಂಕ.”

“ರಟ್ಟು ಇಲ್ಲದೆ ಯಾವುದು ಲೆಕ್ಕದ್ದು ಅಂತ ಊಹಿಸಬಹುದಾ?”

“ಸಾಧ್ಯವೇ ಇಲ್ಲ. ‘ಪಕ್ಕದ ಕೋಣೆಯಲ್ಲಿ ಯಾರಾದರೂ ನಕ್ಕರೆ ಯಾಕೆ ಅಂತ ವಿಚಾರಿಸುತ್ತಾರೆಯೇ?’ ಅದು ಲೆಕ್ಕದ್ದು. ‘ಬಾಗಿಲನ್ನು ಜೋರಾಗಿ ಹಾಕುತ್ತಾರೆಯೇ?’ ಅದು ಮರೆಗೆ. ಜನ ತಿರುಗಾಮುರುಗಾ ಅಂದ್ಕೊಳ್ತಾರೆ.”

ಅವಳು ಹಾಳೆಯನ್ನು ಬೋರಲು ಹಾಕಿದಳು. ಹಿಂಬದಿಯಲ್ಲಿ ನೀಲಿ ಚುಕ್ಕೆಗಳು, ಅವೂ ಇಪ್ಪತ್ತೆರಡು.

“ಇಂಕು ತೂತಿನೊಳಗೆ ಇಳಿದು ಹಿಂದಕ್ಕೆ ಬಂದಿದೆ. ಅಂದರೆ ಮೊದಲು ಸೂಜಿ ಚುಚ್ಚಿದ್ದು, ಆಮೇಲೆ ಗುರುತು ಹಾಕಿದ್ದು. ಗುರುತು ಹಾಕೋರಿಗೆ ಯಾವ ಇಪ್ಪತ್ತೆರಡು ಅಂತ ಮೊದಲೇ ಗೊತ್ತಿತ್ತು ಡಾಕ್ಟ್ರೇ.”

ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತರು. ಕಿಟಕಿಯಾಚೆ ಪರೀಕ್ಷೆಯ ಹಜಾರದಲ್ಲಿ ಸಾಲು ಬೆಂಚುಗಳು ಖಾಲಿ ಬಿದ್ದಿದ್ದವು.

ಅವಳಿಗೆ ಗೊತ್ತಿದ್ದದ್ದೇ, ಆದರೂ ಅವರ ಬಾಯಿಂದಲೇ ಬರಲಿ ಎಂದು ಕೇಳಿದಳು. “ಇದು ಗುಮ್ಮ ಬರೆದದ್ದಲ್ಲ ಅಲ್ವಾ?”

“ಅಲ್ಲ. ಅವನು ಬರೆದದ್ದರಲ್ಲಿ ಬಂದದ್ದು ನಾಲ್ಕೇ ಅಂಕ. ಇದು ಮನೆಯ ಹಾಳೆ. ಲಕೋಟೆಯಲ್ಲಿ ಮನೆಗೆ ಕಳಿಸ್ತೀವಿ, ಜೊತೆಗೆ ಬಾಳೋರು ತುಂಬಿ ಕಳಿಸಬೇಕು. ಇದಕ್ಕೆ ತೂಕ ಹೆಚ್ಚು. ತನ್ನ ಬಗ್ಗೆ ಮನುಷ್ಯ ಸುಳ್ಳು ಹೇಳಬಹುದು, ಮನೆಯವರ ಕಣ್ಣಿಗೆ ಮಣ್ಣೆರಚೋಕಾಗಲ್ಲ ಅಂತ ನನ್ನ ನಂಬಿಕೆ.” ಹಾಳೆಯ ಮೇಲೆ ಬೆರಳಿಟ್ಟು ಹೇಳಿದರು, “ಹೆಂಡತಿ ತುಂಬಿದ್ದು.”

“ಇಲ್ಲಿಯವರೆಗೆ ಯಾರಿಗಾದರೂ ಇಪ್ಪತ್ತೆರಡಕ್ಕೆ ಇಪ್ಪತ್ತೆರಡು ಬಂದಿತ್ತಾ?”

“ಹದಿನೇಳು ಬಂದಿತ್ತು ಒಬ್ಬನಿಗೆ. ಅವನು ಈಗ ಜೈಲಲ್ಲಿದ್ದಾನೆ.”

“ಅವನಿಗಿಂತ ಐದು ಜಾಸ್ತಿ. ಅನುಮಾನ ಬರಲಿಲ್ವಾ ನಿಮಗೆ? ಯಾವ ಮನುಷ್ಯ ಇಷ್ಟು ಚೊಕ್ಕಟವಾಗಿ ಕೆಟ್ಟವನಾಗಿರ್ತಾನೆ?”

ಡಾಕ್ಟರು ರಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಹನ್ನೆರಡು ವರ್ಷ ಒಂದೇ ಪರೀಕ್ಷೆಯನ್ನು ಮಗುವಿನ ಹಾಗೆ ಸಾಕಿದವರು, ಅದು ತಪ್ಪು ಮಾಡಿತೆಂದರೆ ತಂದೆಗೆ ಆಗುವ ಸಂಕಟವೇ ಅವರಿಗೂ ಆಗುತ್ತಿತ್ತು.

“ನಿಜ ಹೇಳ್ಲಾ? ಅನುಮಾನ ಬರಲಿಲ್ಲ. ಖುಷಿಯಾಯ್ತು. ಅಂತೂ ನನ್ನ ಪರೀಕ್ಷೆ ಒಬ್ಬನನ್ನ ಮುಂಚಿತವಾಗಿ ಹಿಡೀತು ಅಂದ್ಕೊಂಡೆ. ಕೊಲೆ ಆದಾಗಂತೂ...” ಅವರು ಕನ್ನಡಕ ತೆಗೆದರು. “ಮೇಡಂ, ನನ್ನ ಪರೀಕ್ಷೆ ಇವನು ಕೊಲ್ತಾನೆ ಅಂತ ಯಾವತ್ತೂ ಹೇಳಲ್ಲ. ಇವನ ಮೇಲೆ ಕಣ್ಣಿಡಿ, ಇವನಿಗೆ ಸಹಾಯ ಮಾಡಿ ಅಂತಷ್ಟೇ. ಮುಚ್ಚಿದ ಲಕೋಟೆಯಲ್ಲಿ ಬರೆದು ಕೊಟ್ಟೆ. ಅದನ್ನ ಕೆಂಪು ಇಂಕಲ್ಲಿ ಪಟ್ಟಿ ಬರೆದು ನೋಟೀಸ್ ಬೋರ್ಡಿಗೆ ಅಂಟಿಸಿ ಅಂತ ನಾನು ಹೇಳಿರಲಿಲ್ಲ.”

“ಯಾರು ಅಂಟಿಸಿದ್ದು?”

“ಗೊತ್ತಿಲ್ಲ. ಲಕೋಟೆ ಹೋಗಿದ್ದು ಕಂಪನಿ ಆಫೀಸಿಗೆ.”

“ಈ ರಟ್ಟು ಒಂದೇನಾ ಇರೋದು?”

“ಎರಡು. ಇನ್ನೊಂದು ಅದೇ ಆಫೀಸಿನ ಬೀರುವಿನಲ್ಲಿದೆ. ಬೀಗದ ಕೈ ಮೂರು ಜನರ ಹತ್ತಿರ. ಮ್ಯಾನೇಜರು, ಗೋದಾಮಿನ ಗುಮಾಸ್ತ, ತೀರಿಕೊಂಡ ಮುಖ್ಯಸ್ಥರು.”

ಅವಳು ಮೂವರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆದ ಕೂಡಲೇ ಮೂರನೆಯವರ ಮೇಲೆ ಗೀಟು ಎಳೆದಳು. ತನ್ನ ಕೊಲೆಗೆ ತಾನೇ ಅಪರಾಧಿಯನ್ನು ಮುಂಚೆಯೇ ತಯಾರು ಮಾಡಿಟ್ಟು ಸಾಯುವವರು ಯಾರಿದ್ದಾರೆ?

ಉಳಿದವರು ಇಬ್ಬರು. ಅವರಲ್ಲಿ ಒಬ್ಬ ಗುಮ್ಮನ ಹೆಂಡತಿಯ ಕೈಯಲ್ಲಿ ಈ ಹಾಳೆ ತುಂಬಿಸಿದ್ದಾನೆ, ಮೂರು ವಾರ ಕಾದು ಬೇಲಿಯೊಳಗಿದ್ದ ಇನ್ನಿಬ್ಬರಲ್ಲಿ ಒಬ್ಬನಿಂದ ಮುಖ್ಯಸ್ಥನನ್ನು ಹೊಡೆಸಿದ್ದಾನೆ. ಅಷ್ಟು ಮಟ್ಟಿಗೆ ಭೂತಗನ್ನಡಿಗೆ ದಾರಿ ನಿಚ್ಚಳವಾಗಿತ್ತು.

ಜೀಪಿನಲ್ಲಿ ದಫೇದಾರರು ಕಾಯುತ್ತಿದ್ದರು. ನಿವೃತ್ತಿಗೆ ಎರಡು ವರ್ಷವಿದ್ದ ಅವರು ಯಾವುದಕ್ಕೂ ಬೆರಗಾಗುವುದನ್ನು ಬಿಟ್ಟಿದ್ದರು. ಎಲ್ಲ ಕೇಳಿ ಗೇರು ಬದಲಿಸಿದರು.

“ಇಪ್ಪತ್ತೆರಡಕ್ಕೆ ಇಪ್ಪತ್ತೆರಡು. ನನ್ನ ಮಗ ಹತ್ತು ವರ್ಷ ಓದಿದರೂ ಒಂದು ದಿನ ತಗೊಂಡು ಬರಲಿಲ್ಲ ಮೇಡಂ. ಪಾಪ, ಅವನಮ್ಮನಿಗೆ ಯಾರೂ ರಟ್ಟು ತಂದುಕೊಡಲಿಲ್ಲ.”

ಅವಳಿಗೆ ನಗು ಬಂದರೂ ತುಟಿಯಾಚೆ ಬರಲಿಲ್ಲ. “ಹಾಳೆ ಸುಳ್ಳು ಅಂತ ಆದರೆ ಗುಮ್ಮನ ಮೇಲೆ ಏನು ಉಳಿಯತ್ತೆ ದಫೇದಾರ್ರೇ?”

“ಏನಿದೆ? ಬೇಲಿಯೊಳಗಿದ್ದ ಅನ್ನೋದು. ಇನ್ನಿಬ್ಬರೂ ಇದ್ದರು. ಮುಖ್ಯಸ್ಥರ ಮೇಲೆ ಅವನಿಗೆ ದ್ವೇಷ ಇತ್ತು ಅಂತ ಒಬ್ಬನೂ ಹೇಳಲ್ಲ. ಕಾರಣವೇ ಇಲ್ಲದೆ ಹೊಡೆದ ಅನ್ನೋದಕ್ಕೆ ತಾನೆ ಆ ಹಾಳೆ ಬೇಕಾಗಿದ್ದು. ಅಂಥವನಿಗೆ ಕಾರಣ ಯಾಕೆ ಬೇಕು, ಸ್ವಭಾವವೇ ಹಾಗೆ ಅಂತ ಬರೆದುಬಿಡೋದಕ್ಕೆ.” ರಸ್ತೆ ನೋಡುತ್ತಲೇ ಸೇರಿಸಿದರು, “ಆದರೆ ಅವನು ಬಾಯಿ ಬಿಡಬೇಕಲ್ಲ. ಬೀಗ ಹಾಕ್ಕೊಂಡು ಕೂತಿದ್ದಾನೆ.”

ಅದು ಸರಿ. ಐದು ದಿನದ ವಿಚಾರಣೆಯಲ್ಲಿ ಗುಮ್ಮ ‘ನಾನಲ್ಲ’ ಎಂದೂ ಅಂದಿರಲಿಲ್ಲ. ಈ ಹಾಳೆಯನ್ನು ಅವನ ಮುಂದಿಟ್ಟಾಗ ಮಾತ್ರ ಮುಖ ಪಕ್ಕಕ್ಕೆ ತಿರುಗಿಸಿದ್ದ. ಹೆಂಡತಿಯ ಮೇಲಿನ ಸಿಟ್ಟು ಎಂದು ಅವಳು ಆಗ ಬರೆದುಕೊಂಡಿದ್ದಳು.

ಮನೆ ಗಣಿ ಕೆಲಸಗಾರರ ಸಾಲು ಮನೆಗಳಲ್ಲಿ ಕೊನೆಯದು. ಹೊಸ್ತಿಲಲ್ಲಿ ಗುಮ್ಮನ ತಾಯಿ ಕುಳಿತಿದ್ದಳು. ಸಮವಸ್ತ್ರ ಕಂಡರೂ ಏಳಲಿಲ್ಲ.

“ಮತ್ತೆ ಬಂದ್ಯೇನಮ್ಮ? ನನ್ನ ಮಗ ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗೋನು. ಆ ಕಾಗದಾನ ನನ್ನ ಕೈಗೆ ಕೊಟ್ಟಿದ್ರೆ ನಾನು ಹೇಳ್ತಿದ್ದೆ. ಹೆತ್ತೋಳನ್ನ ಯಾರು ಕೇಳ್ತಾರೆ? ಎಲ್ಲಾದಕ್ಕೂ ಸೊಸೇನೇ ಬೇಕು.”

“ಅತ್ತೆ, ನೀವು ಒಳಗೆ ಹೋಗಿ ಸ್ವಲ್ಪ ಅಡ್ಡಾಗಿ” ಎಂಬ ದನಿ ಒಳಗಿನಿಂದ ಬಂತು. ಮುದುಕಿ ಗೊಣಗುತ್ತ ಎದ್ದು ಹೋದಳು.

ಮುಂದಿನ ಕೋಣೆಯೇ ಹೊಲಿಗೆಯ ಅಂಗಡಿ. ಕಿಟಕಿಯ ಹತ್ತಿರ ತುಳಿಯುವ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದ ಮೇಜು. ಗೋಡೆಯ ಮೊಳೆಗಳಿಗೆ ಕಾಗದದ ಅಚ್ಚುಗಳು ನೇತುಬಿದ್ದಿದ್ದವು: ತೋಳಿನದು, ಕೊರಳಿನದು, ಬೆನ್ನಿನದು. ಗುಮ್ಮನ ಹೆಂಡತಿ ಯಂತ್ರದ ಮುಂದೆ ಕುಳಿತಿದ್ದಳು, ಆದರೆ ಯಂತ್ರದಲ್ಲಿ ಬಟ್ಟೆ ಇರಲಿಲ್ಲ. ಕೆಂಪು ಪಟ್ಟಿ ಬೋರ್ಡಿಗೆ ಬಿದ್ದ ದಿನದಿಂದ ಈ ಸಾಲಿನ ಹೆಂಗಸರು ಇಲ್ಲಿಗೆ ಬಟ್ಟೆ ತರುವುದನ್ನು ನಿಲ್ಲಿಸಿದ್ದರು.

ಭೂತಗನ್ನಡಿ ಗೋಡೆಯಿಂದ ಒಂದು ತೋಳಿನ ಅಚ್ಚನ್ನು ತೆಗೆದು ಬೆಳಕಿಗೆ ಹಿಡಿದಳು. ಅಂಚಿನುದ್ದಕ್ಕೂ ಸೂಜಿ ತೂತುಗಳ ಸಾಲು.

“ಇದನ್ನ ಹೇಗೆ ಮಾಡ್ತೀರಿ?”

“ಒಂದು ಅಚ್ಚಿನಿಂದ ಇನ್ನೊಂದಕ್ಕೆ ಗುರುತು ಇಳಿಸೋದು. ಮೇಲಿಟ್ಟು ಗುಂಡುಸೂಜಿ ಚುಚ್ಚಿಬಿಟ್ಟರೆ ಕೆಳಗಿನ ಕಾಗದಕ್ಕೆ ಇಳಿಯತ್ತೆ.” ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ತನಿಖಾಧಿಕಾರಿ ಪರೀಕ್ಷೆಯ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದ್ದಳು.

“ಇದಕ್ಕೂ ಹಾಗೇ ಇಳಿಸಿದ್ರಾ?”

ಹೆಂಡತಿ ಹಾಳೆಯನ್ನು ನೋಡಿದಳು. ಇಲ್ಲವೆನ್ನಬಹುದಿತ್ತು. ಅನ್ನಲಿಲ್ಲ.

“ಅಭ್ಯಾಸಬಲ ಮೇಡಂ. ರಟ್ಟು ಇಟ್ಟುಕೊಳ್ಳೋಕೆ ಬಿಡಲಿಲ್ಲ, ಎರಡೇ ನಿಮಿಷ ಅಂದ್ರು. ಅಷ್ಟರಲ್ಲಿ ಎಲ್ಲಿ ಗುರುತು ಹಾಕಲಿ? ಚುಚ್ಚಿಟ್ಟುಕೊಂಡು ಆಮೇಲೆ ನಿಧಾನಕ್ಕೆ ತುಂಬಿದೆ.”

“ಯಾಕೆ? ಅವರು ನಿಮಗೆ ಹೊಡೀತಿದ್ರಾ?”

“ಒಂದು ದಿನ ಕೈ ಎತ್ತಿಲ್ಲ.” ಅವಳ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ. “ನಮ್ಮಣ್ಣನೂ ಬಂದೂಕಿನ ಕಾವಲಿಗೇ ಇದ್ದ. ಒರೆಸಿ ಇಡುವಾಗ ಗುಂಡು ಹಾರಿ ಮನೆಯಲ್ಲೇ ಹೋದ. ನಾನೇ ನೋಡಿದೀನಿ. ನಿಮಗೆ ಬಂದೂಕು ಬೇಡ, ಬೇರೆ ಏನಾದರೂ ಕೆಲಸ ಹಾಕಿಸಿಕೊಳ್ಳಿ ಅಂತ ನಾಲ್ಕು ವರ್ಷ ಇವರ ಕಾಲು ಹಿಡಿದೆ. ಕೇಳಲಿಲ್ಲ. ಕೊನೆಗೆ ಇವರಿಗೆ ಗೊತ್ತಿಲ್ಲದ ಹಾಗೆ ಹೋಗಿ ಬೇಡಿಕೊಂಡೆ. ನಾನಾಗಿ ಬಂದೂಕು ತೆಗೆಯೋಕೆ ಬರಲ್ಲ, ಪರೀಕ್ಷೆಯಿಂದಲೇ ತೆಗೀಬೇಕು, ಮನೆಯ ಹಾಳೆ ನಿಮ್ಮ ಕೈಯಲ್ಲೇ ಇರತ್ತಲ್ಲ, ದಾರಿ ತೋರಿಸ್ತೀನಿ ಅಂದ್ರು. ಗೇಟಿಗೆ ಹಾಕ್ತಾರೆ ಅಷ್ಟೇ, ಯಾರಿಗೂ ಗೊತ್ತಾಗಲ್ಲ ಅಂದ್ರು.”

“ಯಾರು? ಮ್ಯಾನೇಜರಾ?”

“ಅವರ ಮುಖವನ್ನೇ ನಾನು ನೋಡಿಲ್ಲ.”

“ಹಾಗಾದರೆ ಗುಮಾಸ್ತ.”

ಹೆಂಡತಿ ಅಲ್ಲವೆಂದು ತಲೆಯಾಡಿಸಿದಳು. “ಇವರ ಮುಖ್ಯಸ್ಥರು ಮೇಡಂ. ತೀರಿಕೊಂಡರಲ್ಲ, ಅವರೇ.”

ಭೂತಗನ್ನಡಿ ನೋಟ್‌ಬುಕ್ಕಿನಲ್ಲಿ ತಾನೇ ಎಳೆದ ಗೀಟನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ದಫೇದಾರರು, ಬೆರಗಾಗುವುದನ್ನು ಬಿಟ್ಟವರು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ರಟ್ಟು ತಂದದ್ದು ಅವರೇ ಅಂತ ಖಾತ್ರಿ ಇದೆಯಾ?”

“ಈ ಮೇಜಿನ ಮೇಲೆ ಅವರೇ ಇಟ್ಟರು. ಒಳ್ಳೇ ಮನುಷ್ಯ ಅಂದ್ಕೊಂಡೆ. ವಾರದಲ್ಲಿ ಕೆಂಪು ಪಟ್ಟಿ ಬೋರ್ಡಿಗೆ ಬಂತು. ಅದನ್ನ ಅಂಟಿಸಿದ್ದೂ ಅವರೇ ಅಂತೆ, ಪಾಳಿಯವರೆಲ್ಲ ನೋಡಿದ್ದಾರೆ. ಓಡಿಹೋಗಿ ಕೇಳಿದೆ. ನೀನು ಬರೆದದ್ದನ್ನ ನಾನು ಅಂಟಿಸಿದೆ, ನಿನ್ನ ಗಂಡನಿಗೆ ಹೇಳ್ಕೋ ಹೋಗು ಅಂದ್ರು.”

ಮುಖ್ಯಸ್ಥ ಹಾಗೇಕೆ ಮಾಡಿದ? ಗುಮ್ಮನನ್ನು ಮದ್ದಿನ ಮನೆಯ ಬಾಗಿಲಿನಿಂದ ದೂರ ಮಾಡುವುದರಲ್ಲಿ ಅವನಿಗೇನು ಲಾಭವಿತ್ತು? ಆ ಬಾಗಿಲಲ್ಲಿ ಗುಮ್ಮ ಏನು ಕಂಡಿದ್ದ? ಅವಳ ತಲೆಯಲ್ಲಿ ಒಂದರ ಹಿಂದೊಂದು ಪ್ರಶ್ನೆಗಳು ಎದ್ದವು. ಆದರೆ ಗೋಡೆಯ ಗಡಿಯಾರದಲ್ಲಿ ಒಂದೂ ಕಾಲು ಆಗಿತ್ತು. ಮೊದಲು ಈ ಹೇಳಿಕೆ ಕಾಗದಕ್ಕೆ ಇಳಿಯಬೇಕು. ಹಾಳೆ ಸುಳ್ಳೆಂದು ಹೆಂಡತಿಯೇ ಬರೆದುಕೊಟ್ಟರೆ ಗುಮ್ಮನನ್ನು ಹಿಡಿದಿಡಲು ಕೋರ್ಟಿಗೆ ಆಧಾರವೇ ಇರುವುದಿಲ್ಲ. ಇವತ್ತು ಸಂಜೆಗೆ ಅವನು ಈ ಹೊಸ್ತಿಲು ದಾಟಿ ಒಳಗೆ ಬರಬಹುದು.

ಅವಳು ಬರೆಯತೊಡಗಿದಳು. ಹೆಂಡತಿ ಹೇಳುತ್ತ ಹೋದಳು. ಆರು ದಿನ ಎದೆಯಲ್ಲಿ ಹೊತ್ತದ್ದನ್ನು ಇಳಿಸುವ ಅವಸರ ಅವಳಿಗೆ.

“ಗೇಟಿಗೆ ಹಾಕಿದ ಮೇಲೆ ಇವರ ಜೊತೆ ಊಟಕ್ಕೆ ಯಾರೂ ಕೂರ್ತಿರಲಿಲ್ಲ. ನಮ್ಮ ಹುಡುಗಿ ಜೊತೆ ಆಡಬೇಡ ಅಂತ ಪಕ್ಕದ ಮನೆಯವರು ಅವರ ಮಗಳಿಗೆ ಹೇಳಿದರು. ಅದೆಲ್ಲ ಸಹಿಸಿಕೊಂಡ್ರು. ನನಗೆ ತಡೆಯೋಕಾಗದೇ ಇದ್ದದ್ದು ಬೇರೆ. ರಾತ್ರಿ ಊಟ ಆದಮೇಲೆ ಕೈ ನೋಡ್ಕೊಂಡು ಕೂತಿರೋರು. ಒಂದು ದಿನ ಕೇಳಿದ್ರು, ನಾನು ಯಾವತ್ತಾದರೂ ನಿನಗೆ ಹೊಡೆದಿದೀನಾ, ನನಗೆ ನೆನಪಿಲ್ಲ, ನಿನಗಿದ್ರೆ ಹೇಳು ಅಂತ. ಓದಿದವರು ಬರೆದಿದ್ದಾರೆ ಅಂದ್ರೆ ಇದ್ದೇ ಇರಬೇಕು ಅಂತ ನಂಬಿಬಿಟ್ಟಿದ್ರು ಮೇಡಂ. ಮಗಳನ್ನ ತೊಡೆ ಮೇಲೆ ಕೂರಿಸ್ಕೊಳ್ಳೋದನ್ನೂ ಬಿಟ್ಟರು.”

ತನಿಖಾಧಿಕಾರಿ ತಲೆ ಬಗ್ಗಿಸಿ ಬರೆದಳು. ಕೆಲಸದ ಹೊತ್ತಿನಲ್ಲಿ ಅಳು ಬರಬಾರದೆಂದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟು ಸಡಿಲವಾಗುವುದರಲ್ಲಿತ್ತು.

“ಆಮೇಲೆ?”

“ಹೇಳಿಬಿಟ್ಟೆ. ಎಲ್ಲಾನೂ. ನಾನೇ ಬರೆದದ್ದು, ಸುಳ್ಳು ಬರೆದದ್ದು, ರಟ್ಟು ತಂದುಕೊಟ್ಟಿದ್ದು ನಿಮ್ಮ ಮುಖ್ಯಸ್ಥರು, ಬೋರ್ಡಿಗೆ ಹಾಕಿದ್ದೂ ಅವರೇ, ನೀವು ಅಂಥವರಲ್ಲ ಅಂತ.”

ತನಿಖಾಧಿಕಾರಿ ತಲೆ ಎತ್ತಿದಳು. ಬಾಗಿಲಲ್ಲಿ ದಫೇದಾರರೂ ಅಲ್ಲಾಡದೆ ನಿಂತರು.

“ಯಾವಾಗ ಹೇಳಿದ್ರಿ?”

“ಅವತ್ತೇ ಮೇಡಂ.”

“ಯಾವತ್ತು?”

“ಮುಖ್ಯಸ್ಥರು ಹೋದ ದಿನ. ಬೆಳಿಗ್ಗೆ, ಇವರು ಡ್ಯೂಟಿಗೆ ಹೊರಟು ಬೂಟು ಹಾಕ್ಕೊಳ್ತಾ ಇದ್ರು.”

ಒಳಕೋಣೆಯಲ್ಲಿ ಮುದುಕಿ ಕೆಮ್ಮಿದಳು.

“ಏನಂದ್ರು?”

“ಬಯ್ಯಲಿಲ್ಲ. ಬೂಟಿನ ದಾರ ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ ಕಟ್ಟಿಕೊಂಡರು. ಸದ್ಯ, ನಾನು ಅಂಥವನಲ್ಲ ಅಂದ್ರು. ಮಗಳನ್ನ ಎತ್ತಿಕೊಂಡ್ರು. ಎಷ್ಟೋ ದಿನ ಆದಮೇಲೆ ಎತ್ತಿಕೊಂಡಿದ್ದು. ಆಮೇಲೆ ಹೊರಟುಹೋದರು.”

ದಫೇದಾರರು ಭೂತಗನ್ನಡಿಯ ಮುಖವನ್ನೇ ನೋಡುತ್ತಿದ್ದರು. ಇಷ್ಟು ದಿನ ಈ ಕೇಸಿನಲ್ಲಿ ಇಲ್ಲದೇ ಇದ್ದದ್ದು ಗುಮ್ಮನಿಗೆ ಕೊಲ್ಲುವ ಕಾರಣವೊಂದೇ. ಅದೀಗ ಅವಳ ಕೈಯಲ್ಲಿದ್ದ ಹಾಳೆಯಲ್ಲಿ, ಅವಳದೇ ಅಕ್ಷರದಲ್ಲಿ, ಮುಕ್ಕಾಲು ಭಾಗ ಬರೆದಾಗಿತ್ತು. ಗುಮ್ಮ ಐದು ದಿನ ಬಾಯಿಗೆ ಬೀಗ ಹಾಕಿಕೊಂಡು, ಮುಖ ತಿರುಗಿಸಿ ಕಾಪಾಡುತ್ತಿದ್ದದ್ದು ಇದನ್ನೇ ಇರಬೇಕು. ಅವನು ಹೊಡೆದಿದ್ದನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಈ ಹೇಳಿಕೆ ಕೋರ್ಟಿಗೆ ಹೋದರೆ ಅದನ್ನು ಕೇಳುವವರೂ ಇರುವುದಿಲ್ಲ.

ಗುಮ್ಮನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಹಗುರವಾಗಿತ್ತು. ಮೇಜಿನ ಮೇಲಿದ್ದ ಹೇಳಿಕೆಯನ್ನು ತನ್ನ ಕಡೆಗೆ ಎಳೆದುಕೊಂಡು, ತನಿಖಾಧಿಕಾರಿಯ ಕೈಯಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಇದನ್ನ ಕೋರ್ಟಲ್ಲಿ ತೋರಿಸಿದ್ರೆ ಇವರನ್ನ ಇವತ್ತೇ ಬಿಟ್ಟುಬಿಡ್ತಾರೆ ಅಲ್ವಾ ಮೇಡಂ? ಹೇಳಿ, ಎಲ್ಲಿ ರುಜು ಹಾಕಲಿ?”